ಐದು ಖಾಲಿ ಗುಳಿಗಳು

“ಕಮ್ಮಿ ಕೊಡೋದಾದ್ರೆ ಕಮ್ಮಿ ಕೊಡ್ತೀನಿ ಅಂತ್ಲೇ ಹೇಳಿ, ಬೇಜಾರಿಲ್ಲ. ಆದ್ರೆ ಬೆಲೆ ವಿಷಯದಲ್ಲಿ ಸುಳ್ಳು ಮಾತ್ರ ಹೇಳ್ಬೇಡಿ. ಈ ಮಣೆಗೆ ಮಾಟ ಮಾಡ್ಸಿದಾರೆ.”

ಇಸ್ತ್ರಿ ಅಂಗಡಿಯ ಹೆಂಗಸು ಇಷ್ಟು ಹೇಳಿ, ಹಳೇ ಟವೆಲ್ಲಿನ ಗಂಟು ಬಿಚ್ಚಿ, ಮರದ ಮಣೆಯೊಂದನ್ನು ಗಾಜಿನ ಕೌಂಟರಿನ ಮೇಲೆ ಇಟ್ಟಳು. ಅವಳ ಸುತ್ತ ಇದ್ದಿಲಿನ ಮತ್ತು ಬಿಸಿ ಬಟ್ಟೆಯ ವಾಸನೆ. ಬಲ ಮುಂಗೈಯ ಮೇಲೆ ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟ ಹಳೇ ಕಲೆ.

ಲೆನ್ಸಪ್ಪ ನಕ್ಕುಬಿಟ್ಟ. ಮಾಟ ಇದ್ದರೆ ಇನ್ನೂ ಒಳ್ಳೆಯದಾಯಿತಮ್ಮ, ಅದನ್ನೂ ಸೇರಿಸಿಯೇ ಬೆಲೆ ಕಟ್ಟೋಣ ಎಂದ. ಹೆಂಗಸು ನಗಲಿಲ್ಲ. ಅವಳು ನಗಲಿಲ್ಲವಲ್ಲ ಎಂದಾದರೂ ಅವನು ಒಂದು ಗಳಿಗೆ ಯೋಚಿಸಬೇಕಿತ್ತು. ಬುದ್ಧಿವಂತ ಅಲ್ಲವೇ, ಯೋಚಿಸಲಿಲ್ಲ.

ಲೆನ್ಸಪ್ಪ ಅವನ ಹೆಸರಲ್ಲ. ಕೊರಳಲ್ಲಿ ಸದಾ ಕಪ್ಪು ದಾರಕ್ಕೆ ಕಟ್ಟಿದ ಭೂತಗನ್ನಡಿ ನೇತಾಡುತ್ತಿದ್ದರಿಂದ ಅಕ್ಕಪಕ್ಕದ ಅಂಗಡಿಯವರು ಇಟ್ಟ ಹೆಸರು. ಮೊದಲು ಚಿನ್ನದ ಅಂಗಡಿಯಲ್ಲಿ ಒರೆಗಲ್ಲು ಉಜ್ಜುತ್ತಿದ್ದವನು, ಈ ಹಳೇ ನಾಣ್ಯದ ಅಂಗಡಿಗೆ ಬಂದು ಎರಡು ತಿಂಗಳಾಗಿತ್ತು. ಮೂರು ತಿಂಗಳ ಪರೀಕ್ಷೆ ಮುಗಿದರೆ ಕೆಲಸ ಕಾಯಂ. ಯಜಮಾನ ಹರಾಜಿಗೆಂದು ಬೇರೆ ಊರಿಗೆ ಹೋಗುವಾಗ, ತಾನು ಬರುವುದರೊಳಗೆ ಒಂದಾದರೂ ಒಳ್ಳೇ ವ್ಯಾಪಾರ ಮಾಡಿ ತೋರಿಸು ಎಂದು ಬೆನ್ನು ತಟ್ಟಿದ್ದ. ಬೆನ್ನು ತಟ್ಟಿದ್ದೋ ಗುದ್ದಿದ್ದೋ, ಲೆನ್ಸಪ್ಪನಿಗೆ ಮೂರು ದಿನ ನಿದ್ದೆ ಹತ್ತಿರಲಿಲ್ಲ.

ಮಣೆಯ ಮೇಲೆ ಹಸಿರು ಮಕಮಲ್ಲು. ಅದರಲ್ಲಿ ಇಪ್ಪತ್ತನಾಲ್ಕು ದುಂಡು ಗುಳಿಗಳು, ಒಂದೊಂದರ ಕೆಳಗೂ ಒಂದೊಂದು ಇಸವಿ. ಯಾವುದೋ ಕಾಲದ ರಾಣಿಯೊಬ್ಬಳು ಇಪ್ಪತ್ತನಾಲ್ಕು ವರ್ಷ ಆಳಿದ್ದಳು. ವರ್ಷಕ್ಕೊಂದರಂತೆ ಅವಳ ಮುಖದ ಬೆಳ್ಳಿ ನಾಣ್ಯ. ಹತ್ತೊಂಬತ್ತು ಗುಳಿಗಳಲ್ಲಿ ರಾಣಿ ಇದ್ದಳು. ಕೊನೆಯ ಐದು ಖಾಲಿ.

ಲೆನ್ಸಪ್ಪ ಭೂತಗನ್ನಡಿಯನ್ನು ಕಣ್ಣಿಗೆ ಏರಿಸಿ ಒಂದೊಂದನ್ನೇ ನೋಡುತ್ತಾ ಬಂದ. ಹನ್ನೊಂದನೆಯದಕ್ಕೆ ಬಂದಾಗ ಅವನ ಎದೆ ಧಸಕ್ಕೆಂದಿತು. ಆ ವರ್ಷ ಟಂಕಸಾಲೆಗೆ ಬೆಂಕಿ ಬಿದ್ದು, ಅಚ್ಚಾದದ್ದೇ ಕೆಲವು ನೂರು. ಪುಸ್ತಕದಲ್ಲಿ ಚಿತ್ರ ನೋಡಿದ್ದನೇ ಹೊರತು ಕೈಯಲ್ಲಿ ಹಿಡಿದಿರಲಿಲ್ಲ. ಅಂಚು ನೋಡಿದ, ತೂಗಿದ, ಗಾಜಿನ ಮೇಲೆ ಮೆಲ್ಲಗೆ ಬೀಳಿಸಿ ಕಿವಿಗೊಟ್ಟ. ಅಪ್ಪಟ.

ಈ ಕಸುಬಿನ ಲೆಕ್ಕ ಮಕ್ಕಳಿಗೂ ಅರ್ಥವಾಗುವಂಥದ್ದು. ಅರೆಬರೆ ಸಂಗ್ರಹಕ್ಕೆ ಬೆಲೆ ಕಟ್ಟುವಾಗ ಎಷ್ಟು ಗುಳಿ ಖಾಲಿ ಎಂದು ಎಣಿಸಿ ಪ್ರಯೋಜನವಿಲ್ಲ, ಯಾವ ಗುಳಿ ಖಾಲಿ ಎಂದು ನೋಡಬೇಕು. ಇಲ್ಲಿ ಇಲ್ಲದ ಐದೂ ಲಕ್ಷಗಟ್ಟಲೆ ಅಚ್ಚಾದ ವರ್ಷಗಳವು. ಅಂಗಡಿಯ ಹಿಂದಿನ ಗೋಣಿಚೀಲಕ್ಕೆ ಕೈ ಹಾಕಿದರೆ ಹಿಡಿಯಷ್ಟು ಸಿಗುತ್ತವೆ. ಸಿಗದೇ ಇರುವುದು ಇಲ್ಲೇ ಇದೆ. ನ್ಯಾಯವಾದ ಬೆಲೆ ಎಂಬತ್ತು ಸಾವಿರ. ಅದು ಅವನಿಗೆ ಗೊತ್ತಿತ್ತು, ನಾಲಿಗೆಯ ತುದಿಗೂ ಬಂದಿತ್ತು.

ಬೆಲೆ ಕಟ್ಟುವವನ ಮುಖ ಸವೆದ ನಾಣ್ಯದ ಹಾಗಿರಬೇಕು, ನೋಡಿದವರಿಗೆ ಏನೂ ಕಾಣಬಾರದು ಎಂದು ಯಜಮಾನ ಮೊದಲ ದಿನವೇ ಕಲಿಸಿದ್ದ. ಲೆನ್ಸಪ್ಪ ಮುಖವನ್ನು ಹಾಗೇ ಮಾಡಿಕೊಂಡ. ಸಂಗ್ರಹ ಪೂರ್ತಿ ಇದ್ದರೆ ಮಾತು ಬೇರೆ, ಐದು ಖಾಲಿ ಅಂದರೆ ಇದು ಬರೀ ಬೆಳ್ಳಿಯ ತೂಕಕ್ಕೆ ಹೋಗುವ ಮಾಲು, ಹನ್ನೆರಡು ಸಾವಿರ ಕೊಡಬಹುದು ಎಂದ.

ಹೆಂಗಸು ಮಣೆಯನ್ನೇ ನೋಡುತ್ತಾ ಹೇಳತೊಡಗಿದಳು. ಗಂಡ ಪುಸ್ತಕ ಕಟ್ಟುವ ಕೆಲಸದವನಂತೆ. ಎರಡೂ ಕಣ್ಣು ಮಂಜಾಗುತ್ತಾ ಬಂದು ಈಗ ಬೆಳಕು ಮಾತ್ರ ತಿಳಿಯುತ್ತದಂತೆ. ಬರುವ ಶುಕ್ರವಾರದೊಳಗೆ ಆಪರೇಷನ್ ಆಗದಿದ್ದರೆ ಆಮೇಲೆ ಮಾಡಿದರೂ ವ್ಯರ್ಥ ಎಂದಿದ್ದಾರಂತೆ ಡಾಕ್ಟರು. ಅದಕ್ಕೆ ಅರವತ್ತು ಸಾವಿರ ಬೇಕು. ಊರಲ್ಲಿ ನಾಣ್ಯ ಕೊಳ್ಳುವ ಅಂಗಡಿ ಇದೊಂದೇ.

“ನಿಜವಾಗ್ಲೂ ಅಷ್ಟೇನಾ?” ಎಂದಳು.

ನೋಡಿ, ಇಲ್ಲೂ ಅವನಿಗೆ ದಾರಿ ಇತ್ತು. ಇದರ ಬೆಲೆ ಜಾಸ್ತಿ ಇದೆಯಮ್ಮ, ನನ್ನ ಕೈಲಿ ಅಷ್ಟು ಕೊಡಲಾಗುವುದಿಲ್ಲ ಎಂದಿದ್ದರೆ ಮುಗಿದಿತ್ತು. ಈ ಕತೆಯೇ ಇರುತ್ತಿರಲಿಲ್ಲ.

“ಅಷ್ಟೇ ಕಣಮ್ಮ. ಖಾಲಿ ಇದ್ಮೇಲೆ ಖಾಲಿನೇ,” ಎಂದ ಲೆನ್ಸಪ್ಪ.

ಮಣೆಯ ಒಳಗೆಲ್ಲೋ ಸಣ್ಣಗೆ ಠಣ್ ಎಂದಿತು. ಹೆಂಗಸಿಗೆ ಕೇಳಿಸಿತು. ಅವಳು ಅವನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಅಯ್ಯೋ ಎಂಬಂಥ ಮರುಕವಿತ್ತು. ರಸೀದಿಗೆ ವಿಳಾಸ ಬರೆಸಿ, ಹಣವನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು, ಡಾಕ್ಟರ ಕಾಲು ಹಿಡಿದು ನೋಡುತ್ತೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ಇಳಿದು ಹೋದಳು. ಅದು ಸೋಮವಾರ.

ಆ ಅಂಗಡಿಯಲ್ಲೊಂದು ಕಟ್ಟುಪಾಡಿತ್ತು. ಅರೆಬರೆ ಸಂಗ್ರಹವನ್ನು ಯಾರು ಬೆಲೆ ಕಟ್ಟಿ ಕೊಳ್ಳುತ್ತಾರೋ ಅವರೇ ಅದನ್ನು ತುಂಬಿಸಬೇಕು. ತುಂಬುವವರೆಗೂ ಅದು ಅಂಗಡಿಯ ಕಪಾಟು ಸೇರುವಂತಿಲ್ಲ, ಕೊಂಡವನ ಬಳಿಯೇ ಇರಬೇಕು. ಲೆನ್ಸಪ್ಪ ಗೋಣಿಚೀಲಕ್ಕೆ ಕೈ ಹಾಕಿ ಐದು ನಿಮಿಷದಲ್ಲಿ ಐದು ನಾಣ್ಯ ಹೆಕ್ಕಿ, ಮಣೆಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದ. ಕೆಲಸ ಕಾಯಂ ಆದರೆ ಮಗಳನ್ನು ಒಳ್ಳೇ ಶಾಲೆಗೆ ಹಾಕಬಹುದು, ಇದೆಲ್ಲ ಅವಳಿಗಾಗಿ ತಾನೇ ಎಂದು ಸಮಾಧಾನ ಮಾಡಿಕೊಂಡ.

ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ. ಅಲ್ಲಿ ಅವನ ತಾಯಿ, ಹೆಂಡತಿ, ಆರು ವರ್ಷದ ಮಗಳು. ಗೋಡೆಯ ಮೇಲೆ ತೀರಿಕೊಂಡ ಅಪ್ಪನ ಫೋಟೋ. ಊಟಕ್ಕೆ ಮೊದಲು ಮೇಜಿನ ಮುಂದೆ ಕೂತು, ತಂದ ನಾಣ್ಯಗಳನ್ನು ಗುಳಿಗೆ ಇಡಲು ನೋಡಿದ. ಕೂರಲಿಲ್ಲ. ಅಳತೆ ಒಂದೇ, ತೂಕ ಒಂದೇ, ಆದರೂ ಒತ್ತಿದರೆ ಜಾರಿ ಹೊರಗೆ ಬರುತ್ತಿದ್ದವು. ಮಕಮಲ್ಲು ಉಬ್ಬಿರಬೇಕು ಎಂದುಕೊಂಡು ಮೇಲೊಂದು ದಪ್ಪ ಪುಸ್ತಕ ಹೇರಿಟ್ಟು ಮಲಗಿದ.

ಬೆಳಿಗ್ಗೆ ನೋಡಿದರೆ ಪುಸ್ತಕ ನೆಲದ ಮೇಲಿತ್ತು. ಐದು ನಾಣ್ಯಗಳೂ ಯಾರೋ ಜೋಡಿಸಿಟ್ಟಂತೆ ಮೇಜಿನ ಅಂಚಿನಲ್ಲಿ ಸಾಲಾಗಿದ್ದವು. ಇಪ್ಪತ್ತನೆಯ ಗುಳಿ ಮಾತ್ರ ತುಂಬಿತ್ತು.

ಕೋಣೆಯಲ್ಲಿ ಕಾದ ಲೋಹದ ವಾಸನೆ. ಮುಟ್ಟಿದ, ಬೆರಳು ಚುರ್ರೆಂದಿತು. ಭೂತಗನ್ನಡಿ ಹಿಡಿದು ಬಗ್ಗಿದ. ಅದು ರಾಣಿಯಲ್ಲ. ಗಂಡಸಿನ ಪಕ್ಕದ ನೋಟ, ಮೊಂಡು ಮೂಗು, ಮೇಲ್ತುದಿ ಹರಿದ ಕಿವಿ. ಆ ಕಿವಿಯನ್ನು ಹಿಡಿದುಕೊಂಡು ಅವನು ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಊರೆಲ್ಲ ಸುತ್ತಿದ್ದ. ಲೆನ್ಸಪ್ಪ ತಲೆಯೆತ್ತಿ ಗೋಡೆ ನೋಡಿದ. ಫೋಟೋದಲ್ಲಿ ಅಪ್ಪನ ಕೋಟು ಇತ್ತು, ಕೊರಳಪಟ್ಟಿ ಇತ್ತು, ಕೂದಲಿತ್ತು. ಮುಖದ ಜಾಗ ಸಾವಿರ ಕೈ ದಾಟಿದ ನಾಣ್ಯದಂತೆ ನುಣ್ಣಗೆ ಸವೆದಿತ್ತು.

ಹೆಂಡತಿಯನ್ನು ಕರೆದು ತೋರಿಸಿದ. ಏನಾಗಿದೆ ಫೋಟೋಗೆ, ಚೆನ್ನಾಗಿಯೇ ಇದೆಯಲ್ಲ, ಮಾವ ನಗುತ್ತಿದ್ದಾರಲ್ಲ ಎಂದಳು ಅವಳು. ನಾಣ್ಯ ನೋಡಿ, ಇದನ್ನು ಯಾವಾಗ ಮಾಡಿಸಿದಿರಿ, ಥೇಟ್ ಮಾವನೇ ಎಂದು ಖುಷಿಪಟ್ಟಳು. ಕಣ್ಣಿಗೆ ಆಯಾಸವಾಗಿದೆ, ದಿನವಿಡೀ ಭೂತಗನ್ನಡಿ ಹಿಡಿದರೆ ಇನ್ನೇನಾಗುತ್ತದೆ ಎಂದು ಲೆನ್ಸಪ್ಪ ಮುಖ ತೊಳೆದುಕೊಂಡು ಅಂಗಡಿಗೆ ಹೋದ. ಅವತ್ತು ಮೂರು ಸಲ ಆ ರಸೀದಿ ತೆಗೆದು ವಿಳಾಸ ಓದಿದ. ಮೂರು ಸಲವೂ ಮಡಿಸಿ ಜೇಬಿಗಿಟ್ಟ.

ಬುಧವಾರ ಬೆಳಿಗ್ಗೆ ಅವನಿಗೆ ಎಚ್ಚರವಾದದ್ದೇ ಆ ಸದ್ದಿಗೆ. ಠಣ್. ಸುತ್ತಿಗೆ ಅಚ್ಚಿನ ಮೇಲೆ ಬಿದ್ದಂತೆ, ಒಂದೇ ಏಟು. ಮತ್ತೆ ಅದೇ ಲೋಹದ ವಾಸನೆ, ಗಂಟಲಿಗೆ ಹತ್ತುವಷ್ಟು. ಎದ್ದು ಮೇಜಿನ ಹತ್ತಿರ ಹೋಗಲು ಅವನಿಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ತಾಯಿ ಕಾಫಿ ಲೋಟ ಹಿಡಿದು ಒಳಗೆ ಬಂದಳು.

ತಲೆಗೂದಲು ತಾಯಿಯದು. ಸೀರೆ ತಾಯಿಯದು. ನಡುವೆ ಮುಖವಿರಲಿಲ್ಲ. ಮೂಗಿದ್ದ ಕಡೆ ಒಂದು ಸಣ್ಣ ಉಬ್ಬು, ಕಣ್ಣಿದ್ದ ಕಡೆ ಎರಡು ನಸು ತಗ್ಗು, ಉಳಿದದ್ದೆಲ್ಲ ಸಪಾಟು. ಆ ಸಪಾಟಿನೊಳಗಿಂದ ಅಮ್ಮನ ದನಿ ಬಂತು. “ಯಾಕೋ, ಕೆಟ್ಟ ಕನಸು ಬಿತ್ತಾ?”

ಅವಳು ಕೊಟ್ಟ ಲೋಟ ಅವನ ಕೈಜಾರಿ ಬಿತ್ತು. ಬಿಸಿ ಕಾಫಿ ಕಾಲ ಮೇಲೆ ಚೆಲ್ಲಿದರೂ ಅವನಿಗೆ ತಿಳಿಯಲಿಲ್ಲ. ಅಮ್ಮ ಬಗ್ಗಿ ತನ್ನ ಸೆರಗಿನಿಂದಲೇ ಅವನ ಪಾದ ಒರೆಸಿದಳು, ಮೇಲೆ ನೋಡಿ ಏನೋ ಕೇಳಿದಳು. ನಗುತ್ತಿದ್ದಳೋ ಗಾಬರಿಯಾಗಿದ್ದಳೋ ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗಲು ಅಲ್ಲೇನೂ ಉಳಿದಿರಲಿಲ್ಲ. ಇಪ್ಪತ್ತೊಂದನೆಯ ಗುಳಿಯಲ್ಲಿ ಅಮ್ಮ ಒಂದು ಕೂದಲೂ ಬಿಡದಂತೆ ಸ್ಪಷ್ಟವಾಗಿ ಕೂತಿದ್ದಳು.

ಅವತ್ತು ಮಣೆಯನ್ನು ಅಂಗಡಿಗೆ ಒಯ್ದು, ಬಾಗಿಲೆಳೆದುಕೊಂಡು, ಹಿಂದಿನ ಕತ್ತಲೆ ಕೋಣೆಯಲ್ಲಿ ಅವನು ಮಣೆಯ ಮಕಮಲ್ಲನ್ನು ಕಿತ್ತ. ಅಡಿಯಲ್ಲಿ ತೆಳ್ಳನೆಯ ಸೀಸದ ತಗಡು. ಅದರ ಮೇಲೆ ಮೊಳೆಯಿಂದ ಗೀರಿದ ಐದು ವೃತ್ತಗಳು, ನಡುವೆ ಕಂದಿದ ಕಲೆ, ಅದಕ್ಕೆ ಅಂಟಿದ ಒಂದೆಳೆ ನರೆಗೂದಲು. ವೃತ್ತಗಳ ಕೆಳಗೆ ಒಂದೇ ಸಾಲು. ಖಾಲಿ ಎಂದು ಸುಳ್ಳು ಹೇಳಿದವನೇ ತನ್ನವರಿಂದ ತುಂಬಿಸಲಿ.

ಲೆನ್ಸಪ್ಪ ಆಗಲೇ ಆ ಹೆಂಗಸಿನ ಬಳಿಗೆ ಓಡಬೇಕಿತ್ತು. ಅವನೂ ಹಾಗೇ ಅಂದುಕೊಂಡ. ಆದರೆ ಉಳಿದ ಹಣ ಕೊಟ್ಟರೆ ಯಜಮಾನನಿಗೆ ಏನು ಹೇಳುವುದು? ನಾನು ಸುಳ್ಳು ಹೇಳಿದೆ ಎಂದು ಆ ಹೆಂಗಸಿನ ಎದುರು ಯಾವ ಬಾಯಿಂದ ಒಪ್ಪಿಕೊಳ್ಳುವುದು? ನಾಳೆ ಹೋದರಾಯಿತು ಎಂದುಕೊಂಡ. ಮಣೆಯನ್ನು ನಾಲ್ಕು ಬೀದಿಯಾಚೆ ಕಸದ ಗಾಡಿಗೆ ಎಸೆದು ಬಂದ. ಸಂಜೆ ಮನೆಗೆ ಬಂದರೆ ಅದು ಮೇಜಿನ ಮೇಲೆ, ಮಕಮಲ್ಲು ಸಮೇತ, ನೆಟ್ಟಗೆ ಕೂತಿತ್ತು.

ಗುರುವಾರ ಠಣ್ ಎಂದಾಗ ಅವನು ಬಸ್ಸಿನಲ್ಲಿದ್ದ. ಬಸ್ಸಿನ ಗದ್ದಲದ ನಡುವೆಯೂ ಕಿವಿಯೊಳಗೇ ಹೊಡೆದಂತೆ ಕೇಳಿಸಿತು. ಮಧ್ಯಾಹ್ನ ದೂರದ ಊರಿನಿಂದ ಅಕ್ಕ ವಿಡಿಯೋ ಕರೆ ಮಾಡಿದಳು. ತೆರೆಯ ತುಂಬ ಒಂದು ನುಣುಪಾದ ದುಂಡನೆಯದು, ಅದರಿಂದ ಅಕ್ಕನ ಕಿಲಕಿಲ ನಗು. ಸಿಗ್ನಲ್ ಇಲ್ಲ ಎಂದು ಹೇಳಿ ಕರೆ ಕತ್ತರಿಸಿ, ಕಕ್ಕಸಿಗೆ ಹೋಗಿ ಅತ್ತ. ಅತ್ತು ಏನು ಬಂತು? ಅತ್ತ ಮೇಲೆ ಮುಖ ಒರೆಸಿಕೊಂಡು ಗಿರಾಕಿಗಳಿಗೆ ಬೆಲೆ ಹೇಳಿದ.

ಶುಕ್ರವಾರ ಬೆಳಿಗ್ಗೆ ನಿಜವಾಗಿಯೂ ಹೊರಟ. ಇವತ್ತೇ ಆಪರೇಷನ್ನಿನ ಗಡುವು ಎಂದು ಅವನಿಗೆ ನೆನಪಿತ್ತು. ಬ್ಯಾಂಕಿನಿಂದ ತನ್ನ ಉಳಿತಾಯದ ಅರವತ್ತೆಂಟು ಸಾವಿರ ತೆಗೆದು, ಇಸ್ತ್ರಿ ಅಂಗಡಿಯ ಬೀದಿಯ ತಿರುವಿನವರೆಗೂ ಹೋದ. ಇದ್ದಿಲಿನ ವಾಸನೆ ಮೂಗಿಗೆ ಬಡಿಯಿತು. ಇನ್ನು ಇಪ್ಪತ್ತು ಹೆಜ್ಜೆ. ಆಗ ಫೋನು ಅಲುಗಿತು. ಯಜಮಾನ. ನೀನು ಕಳಿಸಿದ ಲೆಕ್ಕ ನೋಡಿದೆ, ಹನ್ನೊಂದನೇ ವರ್ಷದ ನಾಣ್ಯ ಹನ್ನೆರಡು ಸಾವಿರಕ್ಕೆ ಸಿಕ್ಕಿತೇ, ಶಭಾಷ್, ನಿನ್ನ ಕೆಲಸ ಇವತ್ತಿನಿಂದಲೇ ಕಾಯಂ, ಸಂಬಳವೂ ಒಂದೂವರೆ ಪಟ್ಟು ಎಂದ.

ಲೆನ್ಸಪ್ಪ ತಿರುವಿನಲ್ಲಿ ನಿಂತೇ ಇದ್ದ. ಗೋಡೆಯಾಚೆ ಇಸ್ತ್ರಿಪೆಟ್ಟಿಗೆ ಒದ್ದೆ ಬಟ್ಟೆಯ ಮೇಲೆ ಚುಸ್ಸೆಂದು ಓಡುವುದು ಕೇಳಿಸುತ್ತಿತ್ತು. ಸೋಮವಾರ ಯಜಮಾನ ಬಂದ ಮೇಲೆ ಹೇಗಾದರೂ ಸರಿಮಾಡೋಣ ಎಂದುಕೊಂಡು ಹಿಂದಕ್ಕೆ ಹೊರಟ. ಎಂಥ ಮನುಷ್ಯ! ಕಾಲು ಹಿಂದೆ ಇಡುವಾಗಲೇ ಮತ್ತೊಂದು ಏಟು ಬಿತ್ತು, ಠಣ್. ಮನೆಗೆ ಓಡಿದ. ಬಾಗಿಲು ತೆಗೆದ ಹೆಂಡತಿಗೆ ಮುಖವಿರಲಿಲ್ಲ.

ಅವಳಿಗೆ ಎಲ್ಲವನ್ನೂ ಹೇಳಿದ. ಹೆಂಗಸಿನ ಎಚ್ಚರಿಕೆ, ಎಂಬತ್ತು, ಹನ್ನೆರಡು, ತಿರುವಿನಿಂದ ಮರಳಿದ್ದು. ಅವಳು ಮಾಟವನ್ನು ನಂಬಿದಳೋ ಇಲ್ಲವೋ, ಸುಳ್ಳನ್ನು ನಂಬಿದಳು. ಆಗ ಅವಳು ಅವನನ್ನು ಹೇಗೆ ನೋಡುತ್ತಿದ್ದಳು ಎಂಬುದು ಅವನಿಗೆ ಯಾವತ್ತಿಗೂ ತಿಳಿಯುವ ಹಾಗಿರಲಿಲ್ಲ.

“ನಾಳೆ ಹೋಗಿ ಕೊಟ್ಟು ಬನ್ನಿ,” ಎಂದಳು. “ಕೊಡದೆ ನನ್ ಮಗಳನ್ನ ಮುಟ್ಬೇಡಿ.”

ಶನಿವಾರ ಬೆಳಕು ಹರಿಯುವಾಗ ಇಪ್ಪತ್ತನಾಲ್ಕನೆಯ ಗುಳಿಯಲ್ಲಿ ಅಚ್ಚು ಬೀಳದ ಬೋಳು ಬಿಲ್ಲೆ ಬಂದು ಕೂತಿತ್ತು. ಏಟಿನ ಸದ್ದು ಇನ್ನೂ ಬಂದಿರಲಿಲ್ಲ. ಲೆನ್ಸಪ್ಪ ನೋಡುತ್ತಿದ್ದಂತೆ ಬಿಲ್ಲೆಯ ಅಂಚಿನಲ್ಲಿ ಒಂದು ಗೆರೆ ಎದ್ದಿತು. ಸಣ್ಣ ಜಡೆಯ ತುದಿ.

ಮಗಳು ಹಾಸಿಗೆಯ ಮೇಲೆ ಕೂತು ಆಕಳಿಸುತ್ತಿದ್ದಳು. ಮುಂದಿನ ಹಲ್ಲು ಬಿದ್ದ ಬಾಯಿ, ಎಡ ಹುಬ್ಬಿನ ಕೆಳಗೆ ಸಾಸಿವೆಯಷ್ಟು ಮಚ್ಚೆ, ನಕ್ಕರೆ ಬಲಗೆನ್ನೆಯಲ್ಲಿ ಗುಳಿ. ಅವನನ್ನು ಕಂಡು ನಕ್ಕಳು. ಗುಳಿ ಬೀಳಲಿಲ್ಲ. ಕೆನ್ನೆ ನುಣ್ಣಗಿತ್ತು.

ಲೆನ್ಸಪ್ಪ ಹಣವನ್ನು ಜೇಬಿಗೆ ತುರುಕಿ, ಮಣೆ ಎತ್ತಿಕೊಂಡು ಬರಿಗಾಲಲ್ಲಿ ಬೀದಿಗೆ ಬಿದ್ದ. ಒಂದು ಕೈಯಲ್ಲಿ ಫೋನು, ಅದರಲ್ಲಿ ಮಗಳ ಫೋಟೋ. ಹತ್ತು ಹೆಜ್ಜೆಗೊಮ್ಮೆ ನೋಡುತ್ತಿದ್ದ. ಹಾಲಿನ ಅಂಗಡಿ ದಾಟುವಾಗ ಮಚ್ಚೆ ಹೋಯಿತು. ಸೇತುವೆಯ ಹತ್ತಿರ ಹುಬ್ಬು ಮಾಸಿತು. ಕಂಕುಳಲ್ಲಿ ಮಣೆ ಕಾದ ಹಂಚಿನಂತೆ ಸುಡುತ್ತಿತ್ತು. ಇಸ್ತ್ರಿ ಅಂಗಡಿಯ ಬೀದಿಗೆ ಬಂದಾಗ ಫೋಟೋದಲ್ಲಿ ಉಳಿದಿದ್ದದ್ದು ಎರಡು ಕಣ್ಣು ಮತ್ತು ಹಲ್ಲಿಲ್ಲದ ಒಂದು ಕಿಂಡಿ.

ಅವನನ್ನು ಕಂಡ ಹೆಂಗಸು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಒಳಕೋಣೆಯ ಪರದೆ ಸರಿಸಿದಳು. ಒಳಗೆ ಕತ್ತಲು, ಕಣ್ಣಿನ ಔಷಧಿಯ ಕಟು ವಾಸನೆ, ಹಳೇ ಪುಸ್ತಕಗಳ ಅಂಟಿನ ವಾಸನೆ. ಮಂಚದ ಮೇಲೆ ಅವಳ ಗಂಡ ಕೂತಿದ್ದ. ಕಣ್ಣು ತೆರೆದೇ ಇದ್ದವು, ಯಾವುದರ ಮೇಲೂ ನಿಂತಿರಲಿಲ್ಲ.

ಲೆನ್ಸಪ್ಪ ಹಣವನ್ನು ಅವನ ಕೈಗಿಟ್ಟು, ನೆಲದ ಮೇಲೆ ಕುಸಿದು ಕೂತ. ನಾನು ಸುಳ್ಳು ಹೇಳಿದೆ, ಇದರ ಬೆಲೆ ಎಂಬತ್ತು ಸಾವಿರ, ಮೊದಲ ದಿನವೇ ಗೊತ್ತಿತ್ತು ಎಂದ. ಎಂದೂ ಅಷ್ಟು ಸಲೀಸಾಗಿ ಅವನ ಬಾಯಿಂದ ನಿಜ ಬಂದಿರಲಿಲ್ಲ.

ಗಂಡ ನೋಟುಗಳನ್ನು ಬೆರಳಲ್ಲಿ ಸವರಿದ. “ನಿನ್ನೆ ಬಂದಿದ್ರೆ ಇದು ದುಡ್ಡು,” ಎಂದ. “ಇವತ್ತು ಬರೀ ಕಾಗದ.”

ಆ ಮಾತು ಲೆನ್ಸಪ್ಪನ ಎದೆಗೆ ನಾಟಿತು. ನಿನ್ನೆ ಬಂದಿದ್ದೆ, ತಿರುವಿನವರೆಗೂ ಬಂದಿದ್ದೆ ಎಂದು ಹೇಳಲು ಬಾಯಿ ತೆರೆದವನು ಹೇಳಲಾರದೆ ಮುಚ್ಚಿದ. ಗಂಡ ನಿಧಾನವಾಗಿ ಹೇಳಿದ. ತನ್ನ ಅಪ್ಪ ಟಂಕಸಾಲೆಯಲ್ಲಿ ಅಚ್ಚು ಕೆತ್ತುತ್ತಿದ್ದವನು. ಆಗ ಇಪ್ಪತ್ತನಾಲ್ಕೂ ಇದ್ದವು. ಹೆಂಡತಿಯ ಕಾಯಿಲೆಗೆಂದು ಮಾರಲು ಒಯ್ದಾಗ, ವ್ಯಾಪಾರಿಯೊಬ್ಬ ಹನ್ನೊಂದನೆಯದು ನಕಲಿ ಎಂದು ಸುಳ್ಳು ಹೇಳಿದ. ಔಷಧಿಗೆ ಹಣ ಸಾಲದೆ ಅವಳು ತೀರಿಕೊಂಡಳು. ಆಮೇಲೆ ಅಪ್ಪ ಸತ್ತ ಹೆಂಡತಿಯ ಕೂದಲೆಳೆ ಇಟ್ಟುಕೊಂಡು ಇಂಥದ್ದನ್ನು ಬಲ್ಲವನ ಹತ್ತಿರ ಹೋಗಿ ಮಣೆಗೆ ಮಾಟದ ಕಟ್ಟು ಹಾಕಿಸಿದ. ತಾನೇ ಐದು ನಾಣ್ಯ ತೆಗೆದು ಬಿಸಾಡಿದ.

“ಸಿಗದೇ ಇರೋವನ್ನಲ್ಲ, ಎಲ್ಲಾ ಕಡೆ ಸಿಗೋವನ್ನೇ ತೆಗ್ದ,” ಎಂದ ಗಂಡ. “ನಿಜ ಹೇಳೋನು ಆ ಐದನ್ನ ನೋಡಿ ಇದೇನು ಮಹಾ ಅಂತಾನೆ. ಸುಳ್ಳ ಅದನ್ನೇ ಹಿಡ್ಕೋತಾನೆ. ನೀನೂ ಹಿಡ್ಕೊಂಡೆ.”

ಅವನು ಮಣೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕೊನೆಯ ಸಾಲಿನ ಮೇಲೆ ಬೆರಳಾಡಿಸಿದ. ಇದು ನಿನ್ನ ತಂದೆ, ಇದು ತಾಯಿ, ಇದು ನಿನಗಿಂತ ದೊಡ್ಡವಳು, ಇದು ನಿನ್ನ ಹೆಂಡತಿ ಇರಬೇಕು ಎಂದ. ಕೊನೆಯದರ ಮೇಲೆ ಬೆರಳು ನಿಂತಿತು. “ಇದು ಮಗು.”

ಲೆನ್ಸಪ್ಪ ಅವನ ಕಾಲು ಹಿಡಿದುಕೊಂಡ. ಒತ್ತಿದ ಅಚ್ಚನ್ನು ಅಳಿಸುವುದು ತನ್ನಿಂದಲೂ ಆಗದು, ಆ ನಾಲ್ವರ ಮುಖ ನಿನಗೆ ಇನ್ನು ಮುಂದೆ ಲೋಹದಲ್ಲಿ ಮಾತ್ರ ಎಂದ ಗಂಡ. ಐದನೆಯದಕ್ಕೆ ಇನ್ನೂ ಏಟು ಬಿದ್ದಿಲ್ಲ. ಕಟ್ಟು ಹಾಕಿದವನು ಒಂದು ಕಿಂಡಿ ಬಿಟ್ಟಿದ್ದಾನೆ. ಸುಳ್ಳು ಹೇಳಿದವನು ತನ್ನವರ ಬದಲು ತನ್ನನ್ನೇ ಕೊಡಬಹುದು. ಆದರೆ ಆಮೇಲೆ ಅವನ ಮುಖ ಯಾರಿಗೂ ಕಾಣುವುದಿಲ್ಲ. ಹೆತ್ತವಳಿಗೂ.

“ಯೋಚ್ನೆ ಮಾಡಿ ಹೇಳು. ಇದ್ರ ಬೆಲೆ ಎಷ್ಟು ಅಂತ ನೀನೇ ಕಟ್ಟು.”

ಲೆನ್ಸಪ್ಪ ಫೋನು ನೋಡಿದ. ಒಂದು ಕಣ್ಣು ಹೋಗಿತ್ತು.

ಯೋಚನೆಗೆ ಹೊತ್ತಿರಲಿಲ್ಲ. ಮಣೆಯನ್ನು ನೆಲಕ್ಕೆ ಇಳಿಸಿದ. ಮಂಡಿಯೂರಿದ. ಬಗ್ಗಿದ. ಕೆನ್ನೆಯನ್ನು ಕೊನೆಯ ಗುಳಿಯ ಮೇಲೆ ಇಟ್ಟ. ಮಕಮಲ್ಲು ಮಂಜಿನಷ್ಟು ತಣ್ಣಗಿತ್ತು. ಬಿಲ್ಲೆ ಕೆಂಡವಾಗಿತ್ತು. ಚರ್ಮ ಸುಟ್ಟ ವಾಸನೆ ಬಂತು. ಅದು ತನ್ನದೇ. ಕತ್ತಲಲ್ಲಿ ಯಾರೋ ಹತ್ತಿರ ಬಂದು ನಿಂತರು. ಉಸಿರು ಕೇಳಿಸಿತು. ಗಂಡನದಲ್ಲ. ಹೆಂಗಸಿನದೂ ಅಲ್ಲ. ಮುದಿ ಉಸಿರು. ಸುತ್ತಿಗೆ ಮೇಲೆದ್ದ ಗಾಳಿ ಕಿವಿಗೆ ತಾಗಿತು. ಓಡು ಎಂದಿತು ಮೈ. ತಲೆಯೆತ್ತು ಎಂದಿತು. ಅವನು ಎತ್ತಲಿಲ್ಲ. ಹಲ್ಲು ಕಚ್ಚಿದ. ಮಗಳ ಹೆಸರು ಹಿಡಿದು ಕೂಗಿದ.

ಠಣ್.

ಎಚ್ಚರವಾದಾಗ ಪರದೆಯ ಸಂದಿಯಿಂದ ಬಿಸಿಲು ಬಿದ್ದಿತ್ತು. ಹೆಂಗಸು ನೀರಿನ ಲೋಟ ಹಿಡಿದು ನಿಂತಿದ್ದವಳು, ಅವನು ತಲೆಯೆತ್ತಿದ ಕೂಡಲೇ ಮುಖ ಬೇರೆ ಕಡೆ ತಿರುಗಿಸಿಕೊಂಡಳು. ಗಂಡನಿಗೆ ತಿರುಗಿಸಿಕೊಳ್ಳುವ ಅಗತ್ಯವಿರಲಿಲ್ಲ. ನ್ಯಾಯದ ಬೆಲೆ ಬಂದಿದೆ, ಮಣೆ ನಿನ್ನದು, ಈಗ ಅದು ಪೂರ್ತಿ ಇದೆ, ತೆಗೆದುಕೊಂಡು ಹೋಗು ಎಂದ. ಲೆನ್ಸಪ್ಪ ಫೋನು ನೋಡಿದ. ಹುಬ್ಬು, ಮಚ್ಚೆ, ಎರಡು ಕಣ್ಣು, ಬಿದ್ದ ಹಲ್ಲು, ಕೆನ್ನೆಯ ಗುಳಿ. ಎಲ್ಲ ಇತ್ತು. ಅವನು ಅದನ್ನು ಎದೆಗೊತ್ತಿಕೊಂಡು ಅತ್ತ. ಕಣ್ಣೀರು ಎಲ್ಲಿಂದ ಇಳಿಯುತ್ತಿದೆ ಎಂದು ತಿಳಿಯದೆ ಕೈಯಿಂದ ಮುಖ ಸವರಿದ. ಅಂಗೈಗೆ ಏನೂ ತಡೆಯಲಿಲ್ಲ.

ಹೊರಡುವಾಗ ಆ ಗಂಡನ ಕಾಲಿಗೆ ಬಿದ್ದು, ನಿಮ್ಮ ಕಣ್ಣು ಎಂದಷ್ಟೇ ಹೇಳಿದ. ಅದಕ್ಕೆ ಬೆಲೆ ಕಟ್ಟುವುದು ಅವನ ಕೈಲಾಗುವ ಕೆಲಸವಾಗಿರಲಿಲ್ಲ. ಗಂಡ ಗೋಡೆಯ ಕಡೆ ತಿರುಗಿ ಮಲಗಿದ.

ದಾರಿಯಲ್ಲಿ ಎದುರು ಬಂದವರು ಅವನನ್ನು ಕಂಡು ರಸ್ತೆಯ ಆಚೆ ಬದಿಗೆ ದಾಟಿದರು. ಹಾಲಿನ ಅಂಗಡಿಯವನು ಬಾಗಿಲು ಮುಚ್ಚಿಕೊಂಡ. ಲೆನ್ಸಪ್ಪನಿಗೆ ಅದ್ಯಾವುದೂ ತಾಗಲಿಲ್ಲ. ಬೇಗ ಬೇಗ ನಡೆದ. ಒಂದೇ ಒಂದು ಮುಖ ನೋಡಬೇಕಿತ್ತು.

ಬಾಗಿಲು ತೆಗೆದದ್ದು ಮಗಳೇ. ಜಡೆ ಬಿಚ್ಚಿತ್ತು, ತುಟಿಯ ಮೇಲೆ ಹಾಲಿನ ಮೀಸೆ. ಅಷ್ಟು ಸ್ಪಷ್ಟವಾಗಿ ಅವನು ಹಿಂದೆಂದೂ ಅವಳನ್ನು ನೋಡಿರಲಿಲ್ಲ. ಪುಟ್ಟೀ ಎಂದು ಎರಡೂ ಕೈ ಚಾಚಿದ. ಮಗಳು ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೊಂದು ಹೆಜ್ಜೆ. ಬೆನ್ನು ಗೋಡೆಗೆ ತಾಗಿತು.

“ಅಮ್ಮಾ, ಯಾರೋ ಬಂದಿದಾರೆ.”

ನಾನೇ ಪುಟ್ಟಿ, ಅಪ್ಪ ಎಂದ. ಅಪ್ಪನ ದನಿ ಕೇಳಿ ಅವಳು ಇನ್ನೂ ಹೆದರಿದಳು. ದನಿ ಎಲ್ಲಿಂದ ಬರುತ್ತಿದೆ ಎಂದು ಅವನ ಹಿಂದೆ, ಬಾಗಿಲ ಆಚೆ ಹುಡುಕಿದಳು. ಲೆನ್ಸಪ್ಪ ಹೊಸ್ತಿಲಲ್ಲೇ ಕೂತು, ಕೊನೆಯ ಗುಳಿಯ ನಾಣ್ಯ ಬಿಡಿಸಿ, ನೆಲದ ಮೇಲೆ ಅವಳ ಕಡೆಗೆ ಮೆಲ್ಲಗೆ ಸರಿಸಿದ.

ಮಗಳು ಬಗ್ಗಿ ಅದನ್ನು ಎತ್ತಿಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ಮೂಗಿನ ಮೇಲೆ ಬೆರಳಾಡಿಸಿದಳು. ಬಲಗೆನ್ನೆಯಲ್ಲಿ ಗುಳಿ ಬಿತ್ತು.

“ಇದು ನಮ್ಮಪ್ಪ,” ಎಂದಳು. ಆಮೇಲೆ ತಲೆಯೆತ್ತಿ ಅವನನ್ನೇ ಕೇಳಿದಳು. “ಅಪ್ಪ ಎಲ್ಲಿ?”